ಕಚ್ಚಾ ದಾರಿಗೆ ಒಂದೇ ಸಿಲಿಂಡರ್ ಸಾಕು

ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯ ತಾಂಡಿಯಲ್ಲಿ ಒಂದು ಪೆಟ್ರೋಲ್ ಬಂಕ್ ಇದೆ. ಮುಂದಿನ ಬಂಕ್ 365 ಕಿಲೋಮೀಟರ್ ದೂರದಲ್ಲಿದೆ ಎಂದು ಎಚ್ಚರಿಸುವ ಅಲ್ಲಿನ ಫಲಕ ಮನಾಲಿಯಿಂದ ಲೇಹ್‌ಗೆ ಬೈಕಿನಲ್ಲಿ ಹೋಗುವವರಿಗೆಲ್ಲ ಪರಿಚಿತ. ಆ ಫಲಕ ದಾಟಿದ ಮೇಲೆ ಬಾರಾಲಾಚಾ ಲಾ, ಲಾಚುಂಗ್ ಲಾ, ತಂಗ್ಲಾಂಗ್ ಲಾ ಎಂಬ ಕಣಿವೆಮಾರ್ಗಗಳು ಒಂದರ ಹಿಂದೊಂದು ಎದುರಾಗುತ್ತವೆ. ಕೊನೆಯದು ಸಮುದ್ರಮಟ್ಟದಿಂದ 5,300 ಮೀಟರಿಗೂ ಎತ್ತರ. ಕೆಲವೆಡೆ ಒಳ್ಳೆಯ ಡಾಂಬರು, ಕೆಲವೆಡೆ ಬರೀ ಜಲ್ಲಿ, ಇನ್ನು ಕೆಲವೆಡೆ ಬಿಸಿಲೇರಿದಂತೆ ಹಿಮ ಕರಗಿ ರಸ್ತೆಯ ಮೇಲೇ ಹರಿಯುವ ತೊರೆಗಳು. ಬೆಳಿಗ್ಗೆ ಪಾದ ಮುಳುಗದಷ್ಟಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಮೊಣಕಾಲಿಗೆ ಬಂದಿರುತ್ತದೆ. ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ, ಕರೆದರೆ ಬರುವ ಮೆಕ್ಯಾನಿಕ್ ಇರುವುದಿಲ್ಲ. ಇಂಥ ದಾರಿಗೆ ಎಂಥ ಬೈಕು ಬೇಕು ಎಂದು ಕೇಳಿದರೆ ಮೊದಲು ಹೊಳೆಯುವ ಉತ್ತರ ದೊಡ್ಡ ಎಂಜಿನ್ನಿನ, ಹೆಚ್ಚು ಶಕ್ತಿಯ, ಹೆಚ್ಚು ಬೆಲೆಯ ಬೈಕು ಎಂಬುದು. ಆದರೆ ಈ ದಾರಿಯಲ್ಲಿ ಅತಿ ಹೆಚ್ಚು ಕಾಣಸಿಗುವುದು ಒಂದೇ ಸಿಲಿಂಡರಿನ, ಮಧ್ಯಮ ಗಾತ್ರದ, ನೋಡಲು ಅಷ್ಟೇನೂ ಚೆಲುವಿಲ್ಲದ ಬೈಕುಗಳು. ಇದಕ್ಕೆ ಕಡಿಮೆ ಬೆಲೆಯೊಂದೇ ಕಾರಣವೆಂದು ತಿಳಿದರೆ ಮುಖ್ಯವಾದದ್ದೊಂದು ಕೈತಪ್ಪುತ್ತದೆ.

ಈ ಬಗೆಯ ಬೈಕುಗಳಿಗೆ ನಮ್ಮ ದೇಶದಲ್ಲಿ ಹೆಸರು ತಂದುಕೊಟ್ಟದ್ದು ರಾಯಲ್ ಎನ್‌ಫೀಲ್ಡ್ ಕಂಪನಿಯ ಹಿಮಾಲಯನ್. 2016ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿದ್ದದ್ದು 411 ಸಿಸಿಯ, ಗಾಳಿ ಮತ್ತು ಎಣ್ಣೆಯಿಂದ ತಣಿಯುವ, ಒಂದೇ ಸಿಲಿಂಡರಿನ ಎಂಜಿನ್. ಶಕ್ತಿ ಸುಮಾರು 24.5 ಹಾರ್ಸ್‌ಪವರ್, ಪೆಟ್ರೋಲ್ ಟ್ಯಾಂಕು 15 ಲೀಟರು, ಷೋರೂಮ್ ಬೆಲೆ ಒಂದೂವರೆ ಲಕ್ಷ ರೂಪಾಯಿಯ ಆಸುಪಾಸು. ಇದರ ಪಕ್ಕದಲ್ಲಿ, ಜಗತ್ತಿನ ಸಾಹಸ ಬೈಕುಗಳಲ್ಲಿ ಅತಿ ಪ್ರಸಿದ್ಧವೆನ್ನಬಹುದಾದ ಬಿಎಂಡಬ್ಲ್ಯು ಆರ್ 1250 ಜಿಎಸ್ ಅನ್ನು ಇಟ್ಟು ನೋಡಿ. ಎರಡು ಸಿಲಿಂಡರು, 1,254 ಸಿಸಿ, 136 ಹಾರ್ಸ್‌ಪವರ್, 249 ಕೆ.ಜಿ. ತೂಕ, ಇಲ್ಲಿ ಅದರ ಬೆಲೆ 20 ಲಕ್ಷದ ಆಸುಪಾಸಿನಲ್ಲಿತ್ತು. ಕಾಗದದ ಮೇಲೆ ಇವೆರಡನ್ನು ಹೋಲಿಸುವುದೇ ತಪ್ಪೆನಿಸುತ್ತದೆ. ಆದರೆ ಕಾಗದದ ಮೇಲಿನ ಅಂಕಿಗಳೆಲ್ಲ ಬೈಕು ಚೆನ್ನಾಗಿ ಓಡುತ್ತಿರುವಾಗಿನ ಲೆಕ್ಕ. ಊರಿನಿಂದ ದೂರದ ಕಚ್ಚಾ ದಾರಿಯಲ್ಲಿ ಬೈಕು ಜಾರುತ್ತದೆ, ಬೀಳುತ್ತದೆ, ಕೆಸರಿನಲ್ಲಿ ಹೂತುಕೊಳ್ಳುತ್ತದೆ, ಕಲ್ಲಿಗೆ ಬಡಿದು ಏನನ್ನಾದರೂ ಮುರಿದುಕೊಳ್ಳುತ್ತದೆ. ಅಲ್ಲಿಂದ ಎದ್ದು ಮುಂದೆ ಹೋಗಲು ಎಷ್ಟು ಸುಲಭ ಎಂಬುದೇ ಅಲ್ಲಿನ ಅಳತೆಗೋಲು. ಒಂದೇ ಸಿಲಿಂಡರಿನ ಗಟ್ಟಿಮುಟ್ಟಾದ ಬೈಕಿನ ಆಕರ್ಷಣೆಯ ಬೇರು ಇಲ್ಲಿದೆ: ತೊಂದರೆಯಲ್ಲಿ ಸಿಕ್ಕಾಗ ಅದನ್ನು ಸವಾರ ಒಬ್ಬನೇ ನಿಭಾಯಿಸಬಲ್ಲ.

ಎಂಜಿನ್ನಿನ ಒಳಗೆ ನಡೆಯುವುದೇನು?

ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಿಸ್ಟನ್ ಒಮ್ಮೆ ಗಾಳಿ ಮತ್ತು ಪೆಟ್ರೋಲನ್ನು ಒಳಗೆಳೆದುಕೊಂಡು, ಒಮ್ಮೆ ಅದನ್ನು ಒತ್ತಿ, ಒಮ್ಮೆ ಉರಿಯ ತಳ್ಳಾಟಕ್ಕೆ ಕೆಳಗಿಳಿದು, ಒಮ್ಮೆ ಹೊಗೆಯನ್ನು ಹೊರದಬ್ಬುತ್ತದೆ. ಅಂದರೆ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದರೆ ಒಂದೇ ಒಂದು ಸಲ ಉರಿಯ ಹೊಡೆತ. ಎರಡು ಅಥವಾ ನಾಲ್ಕು ಸಿಲಿಂಡರುಗಳಿದ್ದರೆ ಈ ಹೊಡೆತಗಳು ಅಷ್ಟಷ್ಟು ಹೆಚ್ಚಾಗಿ, ಎಂಜಿನ್ನಿನ ಓಟ ನುಣುಪಾಗುತ್ತದೆ. ಒಂದೇ ಸಿಲಿಂಡರಾದರೆ ಹೊಡೆತಗಳ ನಡುವೆ ದೀರ್ಘ ಬಿಡುವು. ಆ ಬಿಡುವಿನಲ್ಲಿ ಓಟ ನಿಲ್ಲದಂತೆ ನೋಡಿಕೊಳ್ಳುವುದು ಭಾರವಾದ ಫ್ಲೈವೀಲ್. ವೇಗ ಹಿಡಿದ ಬೀಸುಕಲ್ಲು ಕೈ ಸಡಿಲಿಸಿದರೂ ಒಂದಿಷ್ಟು ತಾನೇ ತಿರುಗುವ ಹಾಗೆ, ಈ ಚಕ್ರ ತನ್ನ ತೂಕದ ಬಲದಿಂದ ಮುಂದಿನ ಹೊಡೆತದವರೆಗೆ ಎಂಜಿನ್ನನ್ನು ಎಳೆದೊಯ್ಯುತ್ತದೆ. ಹಿಮಾಲಯನ್ 411ರ ಸಿಲಿಂಡರಿನ ವ್ಯಾಸ 78 ಮಿ.ಮೀ., ಪಿಸ್ಟನ್ನಿನ ಓಡಾಟದ ಉದ್ದ 86 ಮಿ.ಮೀ. ಹೀಗೆ ವ್ಯಾಸಕ್ಕಿಂತ ಓಡಾಟ ಉದ್ದವಾಗಿರುವ ಎಂಜಿನ್‌ಗಳು ವೇಗವಾಗಿ ಗಿರಗಿಟ್ಟಲು ಒಲ್ಲವು, ಆದರೆ ನಿಧಾನಗತಿಯಲ್ಲಿ ಎಳೆಯುವ ಬಲ ಅವುಗಳಲ್ಲಿ ಚೆನ್ನಾಗಿರುತ್ತದೆ. ಇದರ 32 ನ್ಯೂಟನ್ ಮೀಟರ್ ಟಾರ್ಕ್ 4,000ದಿಂದ 4,500 ಆರ್‌ಪಿಎಂ ನಡುವೆಯೇ ಪೂರ್ತಿಯಾಗಿ ಸಿಗುತ್ತದೆ. ಕಲ್ಲುಗಳ ಏರಿನಲ್ಲಿ ಎರಡನೇ ಗೇರಿನಲ್ಲಿ, ಎಕ್ಸಲರೇಟರನ್ನು ಹೆಚ್ಚು ತಿರುವದೆ, ಎಂಜಿನ್ ಬಂದ್ ಆಗುವ ಭಯವಿಲ್ಲದೆ ಏರುತ್ತ ಹೋಗಲು ಬೇಕಾದ ಗುಣ ಇದು.

ಹೊಡೆತಗಳ ನಡುವಿನ ಬಿಡುವಿಗೆ ಇನ್ನೊಂದು ಉಪಯೋಗವೂ ಇದೆ. ಮರಳು, ಜಲ್ಲಿ, ಒದ್ದೆ ಮಣ್ಣಿನ ಮೇಲೆ ಹಿಂದಿನ ಟಯರು ಒಂದೇ ಸಮನೆ ಬಲ ಬಿದ್ದರೆ ಜಾರಿ ಅಲ್ಲೇ ಸುತ್ತತೊಡಗುತ್ತದೆ. ಬಲವು ಬಿಡಿಬಿಡಿ ತಳ್ಳುಗಳಾಗಿ ಬಂದರೆ, ಒಂದು ತಳ್ಳಿಗೂ ಇನ್ನೊಂದಕ್ಕೂ ನಡುವೆ ಟಯರಿಗೆ ನೆಲವನ್ನು ಮತ್ತೆ ಹಿಡಿಯಲು ಅವಕಾಶ ಸಿಗುತ್ತದೆ ಎಂಬುದು ಬಹುಕಾಲದಿಂದ ಸವಾರರೂ ಎಂಜಿನಿಯರುಗಳೂ ಕೊಡುತ್ತ ಬಂದಿರುವ ವಿವರಣೆ. ಇದಕ್ಕಿಂತ ಸರಳವಾದ ಲಾಭ ಎಂಜಿನ್ನಿನ ಆಕಾರದಲ್ಲಿದೆ. ಒಂದೇ ಸಿಲಿಂಡರಿನ ಎಂಜಿನ್ ಅಗಲದಲ್ಲಿ ಕಿರಿದು. ಹಾಗಾಗಿ ಬೈಕಿನ ನಡುವೂ ಸಣ್ಣದಾಗಿ, ಸವಾರ ಎದ್ದು ನಿಂತು ಮಂಡಿಗಳಿಂದ ಟ್ಯಾಂಕನ್ನು ಅವುಚಿ ಹಿಡಿದು ಓಡಿಸಬಹುದು. ಕೆಟ್ಟ ದಾರಿಯಲ್ಲಿ ನಿಂತು ಓಡಿಸುವುದೇ ಸರಿಯಾದ ಕ್ರಮ. ಆಗ ಮೈಭಾರ ಸೀಟಿನ ಬದಲು ಫುಟ್‌ರೆಸ್ಟಿನ ಮೇಲೆ ಬೀಳುತ್ತದೆ, ಗುಂಡಿಯ ಏಟನ್ನು ಬೆನ್ನುಮೂಳೆಯ ಬದಲು ಕಾಲುಗಳು ತಾಳಿಕೊಳ್ಳುತ್ತವೆ, ಅಡಿಯಲ್ಲಿ ಬೈಕು ಆಚೀಚೆ ಕುಲುಕಾಡಿದರೂ ಸವಾರನ ದೇಹ ನೇರವಾಗಿರುತ್ತದೆ.

ಚಕ್ರ, ಕಡ್ಡಿ ಮತ್ತು ಕಾಲಿಗೆ ಸಿಗುವ ನೆಲ

ಎಂಜಿನ್ ಎಷ್ಟೇ ಸಮರ್ಥವಾಗಿದ್ದರೂ ಉಳಿದ ಭಾಗಗಳು ಜೊತೆಗೂಡದಿದ್ದರೆ ಅದು ವ್ಯರ್ಥ. ಹಿಮಾಲಯನ್ 411ರ ಮುಂದಿನ ಚಕ್ರ 21 ಇಂಚಿನದು. ನಗರದ ಬೈಕುಗಳಲ್ಲಿ ಸಾಮಾನ್ಯವಾಗಿ ಇರುವುದು 17 ಅಥವಾ 18 ಇಂಚಿನದು. ಚಕ್ರ ದೊಡ್ಡದಾದಷ್ಟೂ ಕಲ್ಲಿಗೆ ಎದುರಾಗುವ ಕೋನ ತಗ್ಗುತ್ತದೆ, ಅಡ್ಡಿಗೆ ಢಿಕ್ಕಿ ಹೊಡೆಯುವ ಬದಲು ಅದರ ಮೇಲೆ ಹತ್ತಿ ಇಳಿಯುವುದು ಸುಲಭವಾಗುತ್ತದೆ. ಮುಂದಿನ ಫೋರ್ಕ್ 200 ಮಿ.ಮೀ., ಹಿಂದಿನ ಶಾಕ್ ಅಬ್ಸಾರ್ಬರ್ ಸುಮಾರು 180 ಮಿ.ಮೀ. ಚಕ್ರವನ್ನು ಮೇಲೆ ಕೆಳಗೆ ಆಡಗೊಡುತ್ತವೆ. ಎಂಜಿನ್ನಿನ ಅಡಿಗೆ ಲೋಹದ ತಟ್ಟೆಯ ರಕ್ಷಣೆಯಿದೆ. ನೆಲದಿಂದ ಅದಕ್ಕೆ 220 ಮಿ.ಮೀ. ಅಂತರ. ಚಕ್ರಗಳಿಗೆ ಅಲಾಯ್ ಬದಲು ತಂತಿ ಕಡ್ಡಿಗಳು. ಕಲ್ಲಿನ ಪೆಟ್ಟಿಗೆ ಅಲಾಯ್ ಚಕ್ರ ಬಿರುಕು ಬಿಟ್ಟರೆ ಅಲ್ಲಿಗೆ ಅದರ ಕತೆ ಮುಗಿಯಿತು, ಹೊಸದೇ ಬೇಕು. ಕಡ್ಡಿ ಚಕ್ರದ ರಿಮ್ ಬಗ್ಗುತ್ತದೆ, ಬಗ್ಗಿದ್ದನ್ನು ತಟ್ಟಿ ಕಡ್ಡಿ ಬಿಗಿದು ಮುಂದಿನ ಊರು ಮುಟ್ಟಬಹುದು. ಇಷ್ಟೆಲ್ಲ ಇದ್ದೂ ಸೀಟಿನ ಎತ್ತರವನ್ನು 800 ಮಿ.ಮೀ.ಗೆ ಹಿಡಿದಿಟ್ಟದ್ದು ಈ ಬೈಕಿನ ಅತಿ ಜಾಣತನದ ನಿರ್ಧಾರ. ಸಾಧಾರಣ ಎತ್ತರದ ಭಾರತೀಯ ಸವಾರನ ಎರಡೂ ಪಾದಗಳಿಗೆ ನೆಲ ಸಿಗುತ್ತದೆ. ಹರಿಯುವ ನೀರಿನ ನಡುವೆ, ಕಣ್ಣಿಗೆ ಕಾಣದ ಗುಂಡುಕಲ್ಲುಗಳ ಮೇಲೆ ಬೈಕು ವಾಲಿದಾಗ, ಕಾಲೂರಲು ನೆಲ ಸಿಗುತ್ತದೆಯೋ ಇಲ್ಲವೋ ಎಂಬುದರ ಮೇಲೆ ಅಂದಿನ ಪ್ರಯಾಣ ನಿಂತಿರುತ್ತದೆ.

ಬಿದ್ದ ಬೈಕನ್ನು ಎತ್ತುವ ಮಾತು ಕಂಪನಿಗಳ ಜಾಹೀರಾತಿನಲ್ಲಿ ಬರುವುದಿಲ್ಲ, ಆದರೆ ಕಚ್ಚಾ ದಾರಿಯ ಪ್ರಯಾಣದಲ್ಲಿ ಅದಕ್ಕಿಂತ ನಿತ್ಯದ ಸಂಗತಿ ಬೇರೆಯಿಲ್ಲ. ನುರಿತ ಸವಾರರೂ ಬೀಳುತ್ತಾರೆ. 249 ಕೆ.ಜಿ.ಯ ಬೈಕಿಗೆ ಎರಡು ಬದಿಯ ಪೆಟ್ಟಿಗೆಗಳು, ಹಿಂದೊಂದು ಚೀಲ ಸೇರಿದರೆ ಭಾರ 300 ಕೆ.ಜಿ.ಯನ್ನು ಸಮೀಪಿಸುತ್ತದೆ. 5,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುವ ಜಾಗದಲ್ಲಿ ಅಷ್ಟು ಭಾರವನ್ನು ಒಬ್ಬರೇ ಎತ್ತುವುದು ಬಹುತೇಕರಿಗೆ ಆಗದ ಕೆಲಸ. ಹಾಗೆಂದು ಹಿಮಾಲಯನ್ ಹಗುರವಾದ ಬೈಕೇನೂ ಅಲ್ಲ. ಆರಂಭದಲ್ಲಿ ಕಂಪನಿ ಹೇಳಿದ ತೂಕ 182 ಕೆ.ಜಿ.; ಎಬಿಎಸ್, ಹೊಸ ಮಾಲಿನ್ಯ ನಿಯಮಗಳಿಗೆ ಬೇಕಾದ ಭಾಗಗಳು ಸೇರುತ್ತ ಅದು 199ಕ್ಕೆ ಮುಟ್ಟಿತು. ಆದರೂ ಬಿಎಂಡಬ್ಲ್ಯುವಿಗೂ ಇದಕ್ಕೂ ಇರುವ ಅಂತರ ಒಂದು ಅಕ್ಕಿಮೂಟೆಯಷ್ಟು ತೂಕ. ಮುಗ್ಗರಿಸಿದಾಗ ಆಗುವ ಖರ್ಚಿನಲ್ಲೂ ಅಂತರ ದೊಡ್ಡದು. ಮುರಿದ ಕ್ಲಚ್ ಲಿವರು, ಸೊಟ್ಟಗಾದ ಹ್ಯಾಂಡಲ್, ಒಡೆದ ಇಂಡಿಕೇಟರು ಕೆಲವು ನೂರು ಅಥವಾ ಸಾವಿರ ರೂಪಾಯಿಗೆ ಮುಗಿಯುವುದಾದರೆ ಸವಾರ ಬೀಳುವ ಭಯಕ್ಕೆ ಬಿಗಿದುಕೊಳ್ಳದೆ ಓಡಿಸುತ್ತಾನೆ. ಮೈ ಬಿಗಿದುಕೊಂಡವನೇ ಹೆಚ್ಚು ಬೀಳುವುದು ಎಂಬುದು ಕಚ್ಚಾ ದಾರಿ ಕಲಿಸುವ ತರಬೇತುದಾರರೆಲ್ಲ ಹೇಳುವ ಮೊದಲ ಪಾಠ.

ದುರಸ್ತಿಯ ವಿಷಯದಲ್ಲಿ ಒಂದೇ ಸಿಲಿಂಡರಿನ ಲೆಕ್ಕ ಇನ್ನೂ ಸ್ಪಷ್ಟ. ಒಂದು ಪಿಸ್ಟನ್, ಒಂದು ಹೆಡ್, ಒಂದು ಸ್ಪಾರ್ಕ್ ಪ್ಲಗ್. ಕೆಡಬಹುದಾದ ಭಾಗಗಳು ಕಡಿಮೆ, ಕೆಟ್ಟದ್ದು ಯಾವುದು ಎಂದು ಹುಡುಕಬೇಕಾದ ಜಾಗವೂ ಕಡಿಮೆ. ಈ ನಂಬಿಕೆ ನಮ್ಮಲ್ಲಿ ಹಿಮಾಲಯನ್‌ನಿಂದ ಹುಟ್ಟಿದ್ದಲ್ಲ. 1950ರ ದಶಕದ ಆರಂಭದಲ್ಲಿ ಭಾರತೀಯ ಸೇನೆ ಗಡಿ ಕಾವಲಿಗೆಂದು ಬುಲೆಟ್ 350 ಬೈಕುಗಳನ್ನು ತರಿಸಿಕೊಂಡಿತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪನೆಯಾಗಿ ಅವು ಇಲ್ಲಿಯೇ ತಯಾರಾಗತೊಡಗಿದವು. ಅದೂ ಒಂದೇ ಸಿಲಿಂಡರಿನ, ಉದ್ದ ಓಡಾಟದ ಎಂಜಿನ್. ಸಾಹಸ ಬೈಕು ಎಂಬ ಮಾತೇ ನಮ್ಮಲ್ಲಿ ಬಳಕೆಗೆ ಬರುವ ಎಷ್ಟೋ ಮೊದಲಿನಿಂದ ಲಡಾಖಿಗೆ ಹೋಗುವವರು ಬುಲೆಟ್‌ನಲ್ಲೇ ಹೋಗುತ್ತಿದ್ದರು. ಮನಾಲಿ, ಕೀಲಾಂಗ್, ಲೇಹ್‌ನ ಗ್ಯಾರೇಜುಗಳಲ್ಲಿ ಆ ಎಂಜಿನ್ನನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ಹೀಗೆ ತಯಾರಾದವು. ಬೈಕಿನ ಗಟ್ಟಿತನದಲ್ಲಿ ಕಬ್ಬಿಣದ ಪಾಲು ಎಷ್ಟೋ, ಅದನ್ನು ಬಲ್ಲ ಮೆಕ್ಯಾನಿಕ್‌ಗಳ ಮತ್ತು ಬೇಕಾದ ಊರಿನಲ್ಲಿ ಸಿಗುವ ಬಿಡಿಭಾಗಗಳ ಪಾಲೂ ಅಷ್ಟೇ ಇದೆ.

ಮರುಭೂಮಿಯ ಸಾಕ್ಷ್ಯ

ಈ ವಾದಕ್ಕೆ ಭಾರತದ ಹೊರಗೂ ಗಟ್ಟಿಯಾದ ಸಾಕ್ಷ್ಯವಿದೆ. 1978ರ ಡಿಸೆಂಬರಿನಲ್ಲಿ ಪ್ಯಾರಿಸ್‌ನಿಂದ ಹೊರಟು ಸಹಾರಾ ಮರುಭೂಮಿಯನ್ನು ದಾಟಿ ಸೆನೆಗಲ್‌ನ ಡಾಕಾರ್ ತಲುಪುವ ರ‍್ಯಾಲಿಯನ್ನು ಫ್ರಾನ್ಸಿನ ತಿಯೆರಿ ಸಬೀನ್ ಮೊದಲ ಬಾರಿಗೆ ನಡೆಸಿದರು. ಅದನ್ನು ಗೆದ್ದ ಸಿರಿಲ್ ನೆವೂ ಓಡಿಸಿದ್ದು ಯಮಹಾ ಎಕ್ಸ್‌ಟಿ 500 ಎಂಬ ಒಂದೇ ಸಿಲಿಂಡರಿನ ಬೈಕು. ಅದು ಯಾರು ಬೇಕಾದರೂ ಅಂಗಡಿಯಲ್ಲಿ ಕೊಳ್ಳಬಹುದಾಗಿದ್ದ ಮಾದರಿ. ಆಮೇಲಿನ ಇತಿಹಾಸ ಮಾತ್ರ ಈ ವಾದಕ್ಕೆ ಎದುರಾಗಿ ನಿಲ್ಲುತ್ತದೆ. 1983ರಿಂದ 1998ರವರೆಗೆ ಡಾಕಾರ್ ಗೆದ್ದದ್ದೆಲ್ಲ ಎರಡು ಸಿಲಿಂಡರಿನ ದೊಡ್ಡ ಬೈಕುಗಳು: ಬಿಎಂಡಬ್ಲ್ಯು, ಹೋಂಡಾ, ಕಜೀವಾ, ಯಮಹಾ. ಮರುಭೂಮಿಯ ವಿಶಾಲ ಬಯಲಿನಲ್ಲಿ ಅವುಗಳ ವೇಗಕ್ಕೆ ಎದುರಿರಲಿಲ್ಲ. 1999ರಲ್ಲಿ ರಿಷಾರ್ ಸೆಂಕ್ಟ್ ಒಂದೇ ಸಿಲಿಂಡರಿನ ಬಿಎಂಡಬ್ಲ್ಯುವಿನಲ್ಲಿ ಗೆದ್ದು ಈ ಸರಣಿಯನ್ನು ಮುರಿದರು. 2003ರಿಂದ ಈಚೆಗೆ ಗೆದ್ದವೆಲ್ಲ ಒಂದೇ ಸಿಲಿಂಡರಿನವು. ಅತಿವೇಗದ ಅಪಾಯ ಕಂಡ ಸಂಘಟಕರು ಕೊನೆಗೆ ಎಂಜಿನ್ ಗಾತ್ರಕ್ಕೆ 450 ಸಿಸಿಯ ಮಿತಿ ಹಾಕಿದರು, 2011ರಿಂದ ಅದೇ ನಿಯಮ. ಈ ಬದಲಾವಣೆಯಲ್ಲಿ ನಿಯಮದ ಪಾಲಿದೆ, ನಿಜ. ಆದರೆ ನಿಯಮ ಬರುವ ಎಷ್ಟೋ ಮೊದಲೇ ಗೆಲುವು ಒಂದೇ ಸಿಲಿಂಡರಿಗೆ ಮರಳಿತ್ತು ಎಂಬುದನ್ನು ಮರೆಯಬಾರದು.

ಕನ್ನಡಿಗರಿಗೆ ಈ ರ‍್ಯಾಲಿ ತೀರ ಅಪರಿಚಿತವಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕಾರ್ ರ‍್ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯ ಬೈಕ್ ಸವಾರರಾದರು. ಉಡುಪಿ ಮೂಲದ ಕೆ.ಪಿ. ಅರವಿಂದ್ 2019ರಲ್ಲಿ ಅದನ್ನು ಮುಗಿಸಿದರು. 2024ರಲ್ಲಿ ಕೇರಳದ ಹರಿತ್ ನೋವಾ ರ‍್ಯಾಲಿ 2 ವಿಭಾಗವನ್ನೇ ಗೆದ್ದರು. ಇವರೆಲ್ಲ ಓಡಿಸಿದ್ದು 450 ಸಿಸಿಯ ಒಂದೇ ಸಿಲಿಂಡರಿನ ಬೈಕುಗಳನ್ನು. ಸ್ಪರ್ಧೆಯ ಬೈಕಿಗೂ ಪ್ರಯಾಣದ ಬೈಕಿಗೂ ಬೆಲೆ, ತೂಕ, ನಿರ್ವಹಣೆಗಳಲ್ಲಿ ಅಜಗಜಾಂತರವಿದೆ. ಒಂದನ್ನು ತೋರಿಸಿ ಇನ್ನೊಂದನ್ನು ಮಾರುವುದು ಸರಿಯಲ್ಲ. ಆದರೆ ದಿಬ್ಬ, ಮರಳು, ಕಲ್ಲುಗಳ ನಡುವೆ ಗಂಟೆಗಟ್ಟಲೆ ಬೈಕಿನೊಡನೆ ಸೆಣಸುವ ದೇಹಕ್ಕೆ ಹಗುರವೂ ಕಿರಿದೂ ಆದದ್ದೇ ಹಿತ ಎಂಬ ತತ್ವ ಎರಡಕ್ಕೂ ಒಂದೇ.

ಪ್ರಯಾಣದ ಕಡೆಯಿಂದಲೂ ಒಂದು ಉದಾಹರಣೆ ಕೊಡಬಹುದು. 2004ರಲ್ಲಿ ನಟರಾದ ಯೂವನ್ ಮೆಗ್ರೆಗರ್ ಮತ್ತು ಚಾರ್ಲಿ ಬೂರ್‌ಮನ್ ಲಂಡನ್ನಿನಿಂದ ಪೂರ್ವದ ದಿಕ್ಕಿನಲ್ಲಿ ಹೊರಟು ನ್ಯೂಯಾರ್ಕ್ ತಲುಪಿದ ಪ್ರಯಾಣ ದೂರದರ್ಶನ ಸರಣಿಯಾಗಿ ಜಗತ್ತಿನೆಲ್ಲೆಡೆ ಪ್ರಸಿದ್ಧವಾಯಿತು. ದೊಡ್ಡ ಸಾಹಸ ಬೈಕುಗಳಿಗೆ ಬೇಡಿಕೆ ಏರಲು ಅದೂ ಒಂದು ಕಾರಣ. ಅವರ ಬೈಕುಗಳು ಬಿಎಂಡಬ್ಲ್ಯು ಆರ್ 1150 ಜಿಎಸ್. ಮಂಗೋಲಿಯಾದ ಕೆಸರು ಬಯಲುಗಳಲ್ಲಿ ಆ ಭಾರ ಅವರನ್ನು ಹಣ್ಣುಮಾಡಿತು. ಜೊತೆಗಿದ್ದ ಛಾಯಾಗ್ರಾಹಕ ಕ್ಲಾಡಿಯೊ ಫಾನ್ ಪ್ಲಾಂಟಾ ಅವರ ಬಿಎಂಡಬ್ಲ್ಯುವನ್ನು ಮುಂದಕ್ಕೆ ಒಯ್ಯಲಾಗದೆ ಹೋದಾಗ, ಅಲ್ಲಿಯೇ ಸಿಕ್ಕ ರಷ್ಯಾದ ಐಝ್ ಪ್ಲಾನೆಟಾ ಎಂಬ ಒಂದೇ ಸಿಲಿಂಡರಿನ ಅಗ್ಗದ ಬೈಕನ್ನು ಕೊಂಡು ಅವರು ದಾರಿ ಸಾಗಿಸಿದರು. ಮುಖ್ಯ ಸವಾರರಿಬ್ಬರ ದೊಡ್ಡ ಬೈಕುಗಳು ಗುರಿ ಮುಟ್ಟಿದವು ಎಂಬುದನ್ನೂ ಹೇಳಲೇಬೇಕು. ಆದರೆ ಅವರ ಹಿಂದೆ ವಾಹನ, ಸಿಬ್ಬಂದಿ, ಹಣದ ಬೆಂಬಲವಿತ್ತು. ತಾನೇ ಹೊರಟ ಸಾಮಾನ್ಯ ಪ್ರಯಾಣಿಕನಿಗೆ ಅದು ಇರುವುದಿಲ್ಲ.

ಆಕ್ಷೇಪಗಳು

ಮೊದಲ ಆಕ್ಷೇಪ ಹೆದ್ದಾರಿಯದು. ಬೆಂಗಳೂರಿನಿಂದ ಲೇಹ್‌ಗೆ 3,000 ಕಿಲೋಮೀಟರಿಗೂ ಹೆಚ್ಚು ದೂರ. ಅದರಲ್ಲಿ ಕಚ್ಚಾ ದಾರಿ ಎಷ್ಟು? ಬಹುಪಾಲು ನಾಲ್ಕು, ಆರು ಪಥದ ಹೆದ್ದಾರಿ. ಅಲ್ಲಿ 24 ಹಾರ್ಸ್‌ಪವರಿನ, ಐದು ಗೇರಿನ ಬೈಕು ಲಾರಿಯನ್ನು ಹಿಂದಿಕ್ಕಲು ಒದ್ದಾಡುತ್ತದೆ, ಒಂದೇ ಪಿಸ್ಟನ್ನಿನ ಕುಲುಕಾಟ ಕೈಗೆ ಜೋಮು ಹಿಡಿಸುತ್ತದೆ. ಈ ಮಾತಿನಲ್ಲಿ ಹುರುಳಿದೆ. ಕುಲುಕಾಟ ತಗ್ಗಿಸಲು ಎಂಜಿನ್ನಿನೊಳಗೆ ಎದುರು ದಿಕ್ಕಿನಲ್ಲಿ ತಿರುಗುವ ಬ್ಯಾಲೆನ್ಸರ್ ಶಾಫ್ಟ್ ಇದ್ದರೂ ಎರಡು ಸಿಲಿಂಡರಿನ ನುಣುಪು ಇದಕ್ಕೆ ಬಾರದು. ದಿನವಿಡೀ ಹೆದ್ದಾರಿಯಲ್ಲೇ ಓಡಾಡುವವರು ಬೇರೆ ಬೈಕು ಕೊಳ್ಳುವುದೇ ಲೇಸು. ಆದರೆ ಪ್ರಯಾಣದ ಕಷ್ಟ ಕಿಲೋಮೀಟರಿನ ಪ್ರಮಾಣದಲ್ಲಿ ಹಂಚಿಕೊಂಡಿರುವುದಿಲ್ಲ. ಹೆದ್ದಾರಿಯಲ್ಲಿ ಚಿಕ್ಕ ಬೈಕು ಕೊಡುವ ತೊಂದರೆ ಹೆಚ್ಚೆಂದರೆ ಆಯಾಸ ಮತ್ತು ಒಂದು ದಿನದ ವಿಳಂಬ. ಸ್ಪಿತಿಗೆ ಹೋಗುವ ದಾರಿಯ ಬಾತಲ್ ಬಳಿಯ ಕಲ್ಲುಗಳ ನಡುವೆ ಭಾರದ ಬೈಕು ಕೊಡುವ ತೊಂದರೆ ಮುರಿದ ಕಾಲಾಗಬಹುದು, ಕತ್ತಲಾದ ಮೇಲೆ ಕೊರೆಯುವ ಚಳಿಯಲ್ಲಿ ಒಂಟಿಯಾಗಿ ಉಳಿಯುವುದಾಗಬಹುದು. ಬೈಕನ್ನು ಆರಿಸಬೇಕಾದದ್ದು ಇಂಥ ಕೆಲವೇ ಕಿಲೋಮೀಟರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಬೈಕನ್ನು ರೈಲಿನಲ್ಲಿ ದೆಹಲಿ, ಚಂಡೀಗಢದವರೆಗೆ ಕಳಿಸುವ, ಇಲ್ಲವೇ ಅಲ್ಲಿಯೇ ಬಾಡಿಗೆಗೆ ಪಡೆಯುವ ದಾರಿಯೂ ಇದೆ.

ಎರಡನೆಯ ಆಕ್ಷೇಪ ಎತ್ತರದ್ದು. ಗಾಳಿ ತೆಳುವಾದಂತೆ ಎಂಜಿನ್ನಿನ ಶಕ್ತಿ ಸರಿಸುಮಾರು ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ತಂಗ್ಲಾಂಗ್ ಲಾ ತಲುಪುವ ಹೊತ್ತಿಗೆ 24 ಹಾರ್ಸ್‌ಪವರಿನಲ್ಲಿ ಉಳಿಯುವುದು 13ರಷ್ಟು. ಹಿಂದೆ ಒಬ್ಬರು ಕೂತು, ಸಾಮಾನೂ ಇದ್ದರೆ ಇದು ಸಾಲದು ಎಂದು ಹಲವು ಸವಾರರು ದೂರಿದ್ದು ನಿಜ. 2023ರ ನವೆಂಬರಿನಲ್ಲಿ ಬಂದ ಹಿಮಾಲಯನ್ 450, ಈ ದೂರಿಗೆ ಕಂಪನಿಯ ಉತ್ತರ ಎನ್ನಬಹುದು: 452 ಸಿಸಿ, 40 ಹಾರ್ಸ್‌ಪವರ್, 40 ನ್ಯೂಟನ್ ಮೀಟರ್, ಆರು ಗೇರು, ತೂಕ 196 ಕೆ.ಜಿ. ಗಮನಿಸಬೇಕಾದದ್ದು ಇಷ್ಟು: ಶಕ್ತಿ ಹೆಚ್ಚಿಸಲು ಹೊರಟವರೂ ಸಿಲಿಂಡರುಗಳ ಸಂಖ್ಯೆ ಹೆಚ್ಚಿಸಲಿಲ್ಲ, ತೂಕ ಏರಗೊಡಲಿಲ್ಲ. ಕಂಪನಿಯ ಬಳಿ 2018ರಿಂದಲೇ ಎರಡು ಸಿಲಿಂಡರಿನ 650 ಸಿಸಿ ಎಂಜಿನ್ ಸಿದ್ಧವಿತ್ತು, ಆದರೂ ಈ ಬೈಕಿಗೆ ಹೊಸದಾಗಿ ಒಂದೇ ಸಿಲಿಂಡರಿನ ಎಂಜಿನ್ನನ್ನೇ ರೂಪಿಸಿದರು.

ಮೂರನೆಯ ಆಕ್ಷೇಪ ಈ ಉತ್ತರದಿಂದಲೇ ಹುಟ್ಟುತ್ತದೆ, ಎಲ್ಲಕ್ಕಿಂತ ಗಂಭೀರವಾದದ್ದೂ ಇದೇ. ಹೊಸ ಎಂಜಿನ್ ನೀರಿನಿಂದ ತಣಿಯುತ್ತದೆ. ಅದಕ್ಕೆ ರೇಡಿಯೇಟರು, ಪಂಪು, ಪೈಪುಗಳು ಬೇಕು. ಎಕ್ಸಲರೇಟರಿಗೆ ಕೇಬಲ್ ಬದಲು ಎಲೆಕ್ಟ್ರಾನಿಕ್ ಸಂಪರ್ಕ, ಮೀಟರಿನ ಜಾಗದಲ್ಲಿ ನಕ್ಷೆ ತೋರಿಸುವ ಪರದೆ. ಸರಳತೆಯೇ ಇಂಥ ಬೈಕಿನ ಗುಣವೆಂದಾದರೆ ಇಲ್ಲಿ ಸರಳತೆ ಎಲ್ಲಿ ಉಳಿಯಿತು? ಈ ಆತಂಕ ನ್ಯಾಯವಾದದ್ದು. 2020ರ ಏಪ್ರಿಲಿನಿಂದ ಜಾರಿಯಾದ ಬಿಎಸ್ 6 ಮಾಲಿನ್ಯ ನಿಯಮಗಳ ನಂತರ ಸೆನ್ಸರುಗಳಿಲ್ಲದ ಎಂಜಿನ್ ಮಾಡುವುದೇ ಕಷ್ಟ. ಆದರೆ ಎಲ್ಲ ಹೊಸತೂ ಸರಳತೆಗೆ ಶತ್ರುವಲ್ಲ. ಹಳೆಯ ಕಾರ್ಬ್ಯುರೇಟರ್ ಎತ್ತರಕ್ಕೆ ಹೋದಂತೆ ಗಾಳಿಗೆ ಹೋಲಿಸಿದರೆ ಹೆಚ್ಚು ಪೆಟ್ರೋಲ್ ಸುರಿದು ಪ್ಲಗ್ಗಿಗೆ ಮಸಿ ಹಿಡಿಸುತ್ತಿತ್ತು, ದಾರಿಯಲ್ಲೇ ಅದನ್ನು ಬಿಚ್ಚಿ ಸರಿಪಡಿಸಬೇಕಾಗುತ್ತಿತ್ತು. ಫ್ಯೂಯೆಲ್ ಇಂಜೆಕ್ಷನ್ ಗಾಳಿಯ ಒತ್ತಡವನ್ನು ತಾನೇ ಅಳೆದು ಪೆಟ್ರೋಲನ್ನು ಹೊಂದಿಸುತ್ತದೆ. ಅದು ಸವಾರನ ಕೆಲಸ ಕಡಿಮೆ ಮಾಡಿದೆ. ಹಾಗಾಗಿ ಪ್ರತಿ ಹೊಸ ಸೌಲಭ್ಯಕ್ಕೂ ಕೇಳಬೇಕಾದ ಪ್ರಶ್ನೆ ಒಂದಿದೆ: ಇದು ಕೆಟ್ಟರೂ ಬೈಕು ಮುಂದಿನ ಊರಿನವರೆಗೆ ಓಡುತ್ತದೆಯೆ? ಪರದೆ ಕಪ್ಪಾದರೆ ಓಡುತ್ತದೆ. ರೇಡಿಯೇಟರ್ ಒಡೆದು ನೀರೆಲ್ಲ ಸೋರಿದರೆ ಹೆಚ್ಚು ದೂರ ಓಡದು. ಮೊದಲನೆಯದನ್ನು ಒಪ್ಪಿಕೊಳ್ಳಬಹುದು, ಎರಡನೆಯದಕ್ಕೆ ಗಟ್ಟಿಯಾದ ಕವಚ ಹಾಕಿಸಿಕೊಂಡೇ ಹೊರಡಬೇಕು. ಸಾಹಸ ಬೈಕು ತಯಾರಿಸುವವರು ಈ ಪ್ರಶ್ನೆಯನ್ನು ಮರೆತ ದಿನ, ಒಂದೇ ಸಿಲಿಂಡರ್ ಇದ್ದೂ ಬೈಕು ತನ್ನ ಅರ್ಥ ಕಳೆದುಕೊಳ್ಳುತ್ತದೆ.

ಗಟ್ಟಿತನವೆಂದರೆ ಎಂದೂ ಕೆಡದಿರುವುದು ಎಂದೂ ತಿಳಿಯಬಾರದು. ಮೊದಲ ಹಿಮಾಲಯನ್ ಬಗ್ಗೆ ಆರಂಭದ ವರ್ಷದಲ್ಲಿ ಸವಾರರಿಂದ ಸಾಕಷ್ಟು ದೂರುಗಳು ಬಂದಿದ್ದವು. 2020ರಲ್ಲಿ ಬ್ರಿಟನ್, ಯುರೋಪ್ ಮತ್ತು ದಕ್ಷಿಣ ಕೊರಿಯಾದಲ್ಲಿ ಮಾರಾಟವಾಗಿದ್ದ, ಹಿಮಾಲಯನ್ ಸೇರಿದಂತೆ ಕಂಪನಿಯ ಸುಮಾರು 15,200 ಬೈಕುಗಳನ್ನು ಬ್ರೇಕ್ ಕ್ಯಾಲಿಪರ್ ಪರೀಕ್ಷೆಗೆ ವಾಪಸು ಕರೆಸಲಾಯಿತು. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪಿನಿಂದ ಬ್ರೇಕಿನ ಭಾಗಗಳು ತುಕ್ಕು ಹಿಡಿಯುವ ಸಾಧ್ಯತೆ ಕಂಡಿತ್ತು. ಹಿಮಾಲಯದ ಕಲ್ಲುದಾರಿಯನ್ನು ತಾಳಿಕೊಂಡ ಬೈಕು ಯುರೋಪಿನ ಉಪ್ಪಿಗೆ ಸೋತಿತು. ಗಟ್ಟಿತನ ಯಾವಾಗಲೂ ಒಂದು ನೆಲಕ್ಕೆ, ಒಂದು ಬಗೆಯ ಬಳಕೆಗೆ ಹೊಂದಿಕೊಂಡ ಗುಣ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇಂಥ ಬೈಕು ಕೊಳ್ಳುವವರಲ್ಲಿ ಹೆಚ್ಚಿನವರು ಕಚ್ಚಾ ದಾರಿಗೆ ಇಳಿಯುವುದೇ ಇಲ್ಲ, ಇದೆಲ್ಲ ತೋರಿಕೆಯ ಶೋಕಿ ಎಂಬ ಮಾತೂ ಇದೆ. ಯುರೋಪಿನ ನುಣುಪು ರಸ್ತೆಗಳಲ್ಲಿ ಈ ಮಾತಿಗೆ ಹೆಚ್ಚು ಬಲವಿದ್ದೀತು. ಮಳೆಗಾಲ ಕಳೆದ ಮಲೆನಾಡಿನ ರಸ್ತೆ, ತೋಟದ ಜಲ್ಲಿ ದಾರಿ, ಅಗೆದು ಮುಚ್ಚದ ಬೆಂಗಳೂರಿನ ಬೀದಿ, ಬಣ್ಣ ಬಳಿಯದ ರಸ್ತೆಯುಬ್ಬು ಇರುವ ನಾಡಿನಲ್ಲಿ ಉದ್ದ ಫೋರ್ಕು, ದೊಡ್ಡ ಚಕ್ರ, ಹೆಚ್ಚಿನ ನೆಲದ ಅಂತರ ದಿನನಿತ್ಯದ ಉಪಯೋಗಕ್ಕೇ ಬರುತ್ತವೆ. 2011ರಲ್ಲಿ ಹೀರೊ ಕಂಪನಿ ಇಂಪಲ್ಸ್ ಎಂಬ 150 ಸಿಸಿ ಬೈಕು ತಂದಾಗ ಕೊಳ್ಳುವವರು ಕಡಿಮೆಯಿದ್ದರು, ಕೆಲವು ವರ್ಷಗಳಲ್ಲಿ ಅದು ನಿಂತೇಹೋಯಿತು. ಅದೇ ಕಂಪನಿ 2019ರಲ್ಲಿ ಒಂದು ಲಕ್ಷ ರೂಪಾಯಿಯ ಆಸುಪಾಸಿನ ಬೆಲೆಗೆ ತಂದ 200 ಸಿಸಿಯ ಎಕ್ಸ್‌ಪಲ್ಸ್ ನೆಲೆಯೂರಿತು. ತೂಕ 154 ಕೆ.ಜಿ., ಶಕ್ತಿ 18 ಹಾರ್ಸ್‌ಪವರ್ ಆಸುಪಾಸು. ಶಕ್ತಿಯಲ್ಲಿ ಹಿಮಾಲಯನ್‌ಗಿಂತ ಹಿಂದೆ, ಕೆಸರಿನಲ್ಲಿ ಅದಕ್ಕಿಂತ ಮುಂದೆ. ತೂಕ ಮತ್ತು ಶಕ್ತಿಗಳಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಗೆ ನೆಲ ಕೊಡುವ ಉತ್ತರ ಇಲ್ಲಿಯೂ ಒಂದೇ.

ಎಲ್ಲಿಗೆ ಹೋಗಬಾರದು?

ಎಲ್ಲಿಗೂ ಹೋಗಬಲ್ಲೆನೆಂಬ ಧೈರ್ಯ ಕೊಡುವ ಬೈಕು ಹೋಗಬಾರದ ಕಡೆಗೂ ಕರೆದೊಯ್ಯುತ್ತದೆ. ಈ ಆಕ್ಷೇಪಕ್ಕೆ ಎದುರುತ್ತರವಿಲ್ಲ, ಒಪ್ಪಿಗೆಯೇ ಉತ್ತರ. ಲಡಾಖಿನ ಚಾಂಗ್‌ಥಾಂಗ್ ಪ್ರಸ್ಥಭೂಮಿಯಲ್ಲಿ ಮಳೆ ಅತಿ ಕಡಿಮೆ, ಹುಲ್ಲು ಬೆಳೆಯುವ ಕಾಲ ವರ್ಷದಲ್ಲಿ ಕೆಲವೇ ತಿಂಗಳು. ಅಲ್ಲಿ ದಾರಿ ಬಿಟ್ಟು ಓಡಿದ ಟಯರಿನ ಗುರುತು ವರ್ಷಗಟ್ಟಲೆ ಮಾಸುವುದಿಲ್ಲ. 2020ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ತ್ಸೋ ಕಾರ್ ಜೌಗು ಪ್ರದೇಶ, ಕಪ್ಪು ಕುತ್ತಿಗೆಯ ಕ್ರೌಂಚ ಹಕ್ಕಿ ಗೂಡು ಕಟ್ಟುವ ತಾಣ. ನಮ್ಮ ಪಶ್ಚಿಮ ಘಟ್ಟದ ಶೋಲಾ ಹುಲ್ಲುಗಾವಲುಗಳೂ ಇಷ್ಟೇ ಸೂಕ್ಷ್ಮ. ಟಯರು ಹುಲ್ಲಿನ ಹೊದಿಕೆಯನ್ನು ಕಿತ್ತ ಗೆರೆಯಲ್ಲಿ ಮುಂದಿನ ಮಳೆಗೆ ನೀರು ಹರಿದು ಮಣ್ಣು ಕೊಚ್ಚಿಹೋಗುತ್ತದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿಯಿಲ್ಲದೆ ನುಗ್ಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸಾಹಸ ಬೈಕಿನ ಸರಿಯಾದ ಜಾಗ ಕಚ್ಚಾ ದಾರಿ, ಅಂದರೆ ಜನ, ಜಾನುವಾರು, ವಾಹನಗಳು ಈಗಾಗಲೇ ತುಳಿದು ಮಾಡಿದ ದಾರಿ. ದಾರಿಯೇ ಇಲ್ಲದಲ್ಲಿ ಹೊಸ ದಾರಿ ಕೊರೆಯುವ ಹಕ್ಕನ್ನು ಯಾವ ಬೈಕೂ ಯಾರಿಗೂ ಕೊಡುವುದಿಲ್ಲ. ತಾಂಡಿಯಿಂದ ಲೇಹ್‌ವರೆಗೆ, ಸ್ಪಿತಿಯಿಂದ ಝನ್ಸ್ಕಾರ್‌ವರೆಗೆ, ಇಂಥ ದಾರಿಗಳೇ ಒಂದು ಜೀವಮಾನಕ್ಕೆ ಸಾಕಾಗುವಷ್ಟಿವೆ.

ಒಂದೇ ಸಿಲಿಂಡರಿನ ಬೈಕು ಸೆಳೆಯುವುದು ಬಡವನ ಬದಲಿ ಆಯ್ಕೆಯೆಂದಲ್ಲ. ಕಚ್ಚಾ ದಾರಿಯ ಕಷ್ಟಗಳನ್ನು ಒಂದೊಂದಾಗಿ ಎದುರಿಟ್ಟು ತೂಗಿದರೆ, ನಿಧಾನದ ಏರಿಗೆ ಬೇಕಾದ ಎಳೆತ, ಎತ್ತಲು ಸಾಧ್ಯವಾದ ತೂಕ, ಕಾಲಿಗೆ ಸಿಗುವ ನೆಲ, ಹಳ್ಳಿಯ ಗ್ಯಾರೇಜಿನಲ್ಲಿ ಆಗುವ ದುರಸ್ತಿ, ಒಂದು ಟ್ಯಾಂಕಿಗೆ ಸುಮಾರು 450 ಕಿಲೋಮೀಟರ್ ಓಡಿಸುವ ಮೈಲೇಜ್ ಎಲ್ಲವೂ ಅದರ ಕಡೆಗೇ ವಾಲುತ್ತವೆ. ಹೆದ್ದಾರಿಯ ವೇಗ ಮತ್ತು ನುಣುಪಿನಲ್ಲಿ ಅದು ಸೋಲುತ್ತದೆ, ಆ ಸೋಲು ಈ ಲಾಭಗಳಿಗೆ ತೆರುವ ಬೆಲೆ. ಕೊಳ್ಳಲು ಹೊರಟವರು ಷೋರೂಮಿನಲ್ಲಿ ಹಾರ್ಸ್‌ಪವರ್ ವಿಚಾರಿಸುವ ಮೊದಲು ಮೂರು ಪರೀಕ್ಷೆ ಮಾಡಿಕೊಳ್ಳಲಿ. ಸೀಟಿನ ಮೇಲೆ ಕೂತು ಎರಡೂ ಪಾದ ಊರಿ ನೋಡಲಿ. ಅದೇ ಮಾದರಿಯ ಬೈಕನ್ನು ಮೆತ್ತನೆಯ ನೆಲದ ಮೇಲೆ ಮಲಗಿಸಿ, ಯಾರ ನೆರವೂ ಇಲ್ಲದೆ ಎತ್ತಿ ನೋಡಲಿ. ತಾವು ಹೋಗಬೇಕೆಂದಿರುವ ದಾರಿಯ ಊರುಗಳಲ್ಲಿ ಅದನ್ನು ಬಿಚ್ಚಬಲ್ಲ ಮೆಕ್ಯಾನಿಕ್ ಇದ್ದಾನೆಯೇ ಎಂದು ತಿಳಿದುಕೊಳ್ಳಲಿ. ಈ ಮೂರರಲ್ಲೂ ಪಾಸಾದ ಬೈಕು ಹೆದ್ದಾರಿಯಲ್ಲಿ ನಾಲ್ಕು ಜನರ ಹಿಂದೆ ಉಳಿದರೂ ಚಿಂತೆಯಿಲ್ಲ, ಡಾಂಬರು ಮುಗಿದ ಮೇಲಿನ ದಾರಿಯಲ್ಲಿ ಅದು ಸವಾರನ ಕೈಬಿಡುವ ಸಾಧ್ಯತೆ ಎಲ್ಲಕ್ಕಿಂತ ಕಡಿಮೆ.